ರಷ್ಯಾ ಮೇಲಿನ ನಿರ್ಬಂಧ, ಉಕ್ರೇನ್‌ಗೆ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನ್ ಯುದ್ಧದ ಸುದ್ದಿ ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ನಿರ್ಬಂಧ ಹಾಕಿ ಏನಾಯ್ತು? ಅಷ್ಟೊಂದು ದುಡ್ಡು ಯಾಕೆ ಸುರೀತಾರೆ? ರಷ್ಯಾದ ಎಣ್ಣೆ ಕೊಂಡರೆ ನಮ್ಮ ಮೇಲೆ ಯಾಕೆ ಸಿಟ್ಟು? ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಯಾರ ಕಡೆಗೂ ವಾಲದವನು ಎಂದು ನಟಿಸುವುದಿಲ್ಲ. ದಾಳಿ ಮಾಡಿದ್ದು ರಷ್ಯಾ, ತಪ್ಪು ಅದರದ್ದೇ. ಆದರೆ ಪಶ್ಚಿಮದ ದೇಶಗಳು ಇದನ್ನು ನಿಭಾಯಿಸಿದ ರೀತಿಯ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ. ನಿರ್ಬಂಧ ಇರಲಿ, ನೆರವು ಇರಲಿ, ತಮ್ಮ ಜೇಬಿಗೆ ಎಷ್ಟು ಬಿಸಿ ತಟ್ಟುತ್ತದೆ ಎಂದು ಲೆಕ್ಕ ಹಾಕಿಯೇ ಅವರು ಹೆಜ್ಜೆ ಇಟ್ಟರು. ಹೆಚ್ಚಿನ ಸಲ ತಡವಾಗಿ ಇಟ್ಟರು.

ನಿರ್ಬಂಧ ನಿರ್ಬಂಧ ಅಂತಾರೆ. ಅಸಲಿಗೆ ಏನೇನು ಮಾಡಿದ್ದಾರೆ?

ಮೊದಲ ಸುತ್ತಿನ ನಿರ್ಬಂಧ 2014ರದ್ದು, ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ನುಂಗಿದಾಗ. ಅದು ಲಘುವಾಗಿತ್ತು. 2022ರ ಫೆಬ್ರವರಿ 24ರಂದು ಪೂರ್ಣ ಪ್ರಮಾಣದ ದಾಳಿ ಶುರುವಾದ ಮೇಲೆ ಬಂದದ್ದು ಬೇರೆಯೇ ಮಟ್ಟದ್ದು.

ಎಲ್ಲಕ್ಕಿಂತ ದೊಡ್ಡ ಏಟು ರಷ್ಯಾದ ಕೇಂದ್ರ ಬ್ಯಾಂಕಿಗೆ ಬಿತ್ತು. ಅದು ವಿದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ಹಣವನ್ನು ಪಶ್ಚಿಮದವರು ತಡೆಹಿಡಿದರು. ಅದು ಆ ಬ್ಯಾಂಕಿನ ಒಟ್ಟು ಮೀಸಲಿನ ಹತ್ತಿರ ಹತ್ತಿರ ಅರ್ಧ. ಇಷ್ಟು ದೊಡ್ಡ ದೇಶಕ್ಕೆ ಹೀಗೆ ಮಾಡಬಹುದು ಎಂದು ಮಾಸ್ಕೋ ಎಣಿಸಿರಲಿಲ್ಲ. ಆಮೇಲೆ ಕೆಲವು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ ಹೊರಗೆ ಹಾಕಿದರು. ಬ್ಯಾಂಕುಗಳು ದೇಶದಿಂದ ದೇಶಕ್ಕೆ ಹಣ ಕಳಿಸಲು ಒಂದಕ್ಕೊಂದು ಸಂದೇಶ ಕೊಡುವ ಜಾಲ ಅದು. ಚಿಪ್, ವಿಮಾನದ ಬಿಡಿಭಾಗ, ಯಂತ್ರೋಪಕರಣಗಳ ರಫ್ತು ನಿಂತಿತು. ರಷ್ಯಾದ ಸಿರಿವಂತರ ವಿಹಾರನೌಕೆಗಳನ್ನು ಹಿಡಿದರು. ಟೀವಿಯಲ್ಲಿ ಜಾಸ್ತಿ ಕಂಡದ್ದು ಈ ನೌಕೆಗಳೇ, ಯುದ್ಧದ ಮೇಲೆ ಕಮ್ಮಿ ಪರಿಣಾಮ ಬೀರಿದ್ದೂ ಅವೇ.

ಯುರೋಪಿನಲ್ಲಿ ಎಣ್ಣೆಯ ಸರದಿ ಬಂದದ್ದು 2022ರ ಡಿಸೆಂಬರ್ 5ಕ್ಕೆ. ಅಂದಿನಿಂದ ಐರೋಪ್ಯ ಒಕ್ಕೂಟ ಸಮುದ್ರ ಮಾರ್ಗವಾಗಿ ಬರುವ ರಷ್ಯಾದ ಕಚ್ಚಾ ತೈಲವನ್ನು ಕೊಳ್ಳುವುದು ನಿಲ್ಲಿಸಿತು. ಯುದ್ಧ ಶುರುವಾಗಿ ಆಗಲೇ ಒಂಬತ್ತು ತಿಂಗಳು ದಾಟಿತ್ತು. ಆ ಒಂಬತ್ತು ತಿಂಗಳು ಎಣ್ಣೆ ಮತ್ತು ಗ್ಯಾಸ್ ಬೆಲೆ ಆಕಾಶದಲ್ಲಿತ್ತು, ರಷ್ಯಾದ ಖಜಾನೆ ಭರ್ತಿಯಾಯಿತು.

ಬ್ಯಾರೆಲ್‌ಗೆ 60 ಡಾಲರ್ ಮಿತಿ ಅಂದರೆ ಏನು? ಕೊಳ್ಳಬಾರದು ಅಂದರೆ ಮುಗೀತಲ್ವಾ?

ಕೊಳ್ಳಬಾರದು ಎಂದರೆ ಅಷ್ಟು ಎಣ್ಣೆ ಮಾರುಕಟ್ಟೆಯಿಂದ ಮಾಯವಾಗುತ್ತಿತ್ತು. ಜಗತ್ತಿನಲ್ಲೆಲ್ಲ ಬೆಲೆ ಏರುತ್ತಿತ್ತು. ಅಮೆರಿಕದ ಪೆಟ್ರೋಲ್ ಬಂಕಿನಲ್ಲಿ ಜನ ಬೈಯುತ್ತಿದ್ದರು. ಅದಕ್ಕೇ ಅಮೆರಿಕ, ಬ್ರಿಟನ್, ಜಪಾನಿನಂಥ ಏಳು ಸಿರಿವಂತ ದೇಶಗಳ ಕೂಟ ಜಿ7 ಒಂದು ಉಪಾಯ ಹೂಡಿತು: ಎಣ್ಣೆ ಹರಿಯಲಿ, ಲಾಭ ಮಾತ್ರ ಕಡಿಮೆಯಾಗಲಿ. ಸಮುದ್ರ ಸಾಗಣೆಯ ವಿಮೆಯ ಬಹುಪಾಲು ಲಂಡನ್ ಮತ್ತು ಯುರೋಪಿನ ಹಿಡಿತದಲ್ಲಿದೆ. ಆದ್ದರಿಂದ, ಬ್ಯಾರೆಲ್‌ಗೆ 60 ಡಾಲರ್ ಅಥವಾ ಅದಕ್ಕಿಂತ ಕಡಿಮೆಗೆ ಮಾರಿದರೆ ಮಾತ್ರ ನಮ್ಮ ಹಡಗು, ನಮ್ಮ ವಿಮೆ ಸಿಗುತ್ತದೆ ಎಂದರು.

ಸ್ವಲ್ಪ ದಿನ ಕೆಲಸ ಮಾಡಿತು. 2023ರ ಆರಂಭದಲ್ಲಿ ರಷ್ಯಾದ ಯೂರಲ್ಸ್ ತೈಲ ಬಹಳ ಅಗ್ಗಕ್ಕೆ ಹೋಯಿತು. ಆಮೇಲೆ ರಷ್ಯಾ ಹಳೇ ಟ್ಯಾಂಕರ್‌ಗಳನ್ನು ಒಟ್ಟುಮಾಡಿತು. ಮಾಲೀಕ ಯಾರೆಂದು ಗೊತ್ತಾಗದ, ವಿಮೆ ಇದೆಯೋ ಇಲ್ಲವೋ ಹೇಳಲಾಗದ, ಆಗಾಗ ಧ್ವಜ ಬದಲಿಸುವ ಹಡಗುಗಳು. ಇವನ್ನೇ ನೆರಳು ಪಡೆ ಎನ್ನುತ್ತಾರೆ. ಹಿಡಿಯಬೇಕೆಂದಿದ್ದರೆ ಮೊದಲ ವರ್ಷವೇ ಈ ಹಡಗುಗಳ ಹೆಸರನ್ನು ನಿರ್ಬಂಧದ ಪಟ್ಟಿಗೆ ಸೇರಿಸಬಹುದಿತ್ತು. ದೊಡ್ಡ ಪ್ರಮಾಣದಲ್ಲಿ ಸೇರಿಸಿದ್ದು 2025ರಲ್ಲಿ. ಆ ವರ್ಷದ ಜುಲೈನಲ್ಲಿ ಐರೋಪ್ಯ ಒಕ್ಕೂಟ ತನ್ನ ಮಿತಿಯನ್ನು 47.6 ಡಾಲರಿಗೆ ಇಳಿಸಲು ಒಪ್ಪಿತು. ಅಕ್ಟೋಬರ್‌ನಲ್ಲಿ ಅಮೆರಿಕ ರಾಸ್‌ನೆಫ್ಟ್ ಮತ್ತು ಲುಕಾಯಿಲ್ ಕಂಪನಿಗಳ ಮೇಲೆ ನೇರ ನಿರ್ಬಂಧ ಹೇರಿತು. ರಷ್ಯಾದ ಈ ಎರಡು ಅತಿದೊಡ್ಡ ತೈಲ ಕಂಪನಿಗಳನ್ನು ಮುಟ್ಟಲು ಮೂರೂವರೆ ವರ್ಷ ಬೇಕಾಯಿತು ನೋಡಿ.

ಇಷ್ಟೆಲ್ಲ ಮಾಡಿದರೂ ಯುದ್ಧ ನಿಲ್ಲಲಿಲ್ಲ. ಹಾಗಾದರೆ ನಿರ್ಬಂಧ ಫೇಲ್ ತಾನೇ?

ಯುದ್ಧ ನಿಲ್ಲಿಸುವುದೇ ಅಳತೆಗೋಲಾದರೆ, ಹೌದು, ಫೇಲ್. ಆದರೆ ಆ ಅಳತೆಗೋಲೇ ಸರಿಯಿಲ್ಲ. ಅದನ್ನು ನಮ್ಮ ಕೈಗೆ ಕೊಟ್ಟವರೂ ಪಶ್ಚಿಮದ ನಾಯಕರೇ. 2022ರ ಮಾರ್ಚ್ ಕೊನೆಯಲ್ಲಿ ವಾರ್ಸಾದಲ್ಲಿ ನಿಂತು ಜೋ ಬೈಡನ್ ರೂಬಲ್ ಪುಡಿಪುಡಿಯಾಗಿದೆ ಎಂಬ ಧಾಟಿಯಲ್ಲಿ ಮಾತನಾಡಿದರು. ಅಷ್ಟರಲ್ಲಿ ರೂಬಲ್ ಚೇತರಿಸಿಕೊಳ್ಳಲು ಶುರುವಾಗಿತ್ತು. ಜೂನ್ ಹೊತ್ತಿಗೆ ಯುದ್ಧಕ್ಕಿಂತ ಮುಂಚೆ ಇದ್ದದ್ದಕ್ಕಿಂತಲೂ ಗಟ್ಟಿಯಾಯಿತು. ರಷ್ಯಾದ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆ ಎಲ್ವಿರಾ ನಬಿಯುಲ್ಲಿನಾ ಬಡ್ಡಿ ದರವನ್ನು ಒಂದೇ ದಿನ ಶೇ 9.5ರಿಂದ ಶೇ 20ಕ್ಕೆ ಏರಿಸಿದರು. ಹಣ ಹೊರಗೆ ಹೋಗದಂತೆ ಬಾಗಿಲು ಹಾಕಿದರು. ಒಪ್ಪಿ ಬಿಡಿ, ಆಕೆ ತನ್ನ ಕೆಲಸ ಬಲ್ಲವರು.

ಆ ವರ್ಷ ರಷ್ಯಾದ ಆರ್ಥಿಕತೆ ಶೇ 8.5ರಷ್ಟು ಕುಸಿಯುತ್ತದೆ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಏಪ್ರಿಲ್‌ನಲ್ಲಿ ಅಂದಾಜಿಸಿತ್ತು. ಕುಸಿದದ್ದು ಶೇ 1ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮುಂದಿನ ಎರಡು ವರ್ಷ ಶೇ 4ರ ಆಸುಪಾಸಿನಲ್ಲಿ ಬೆಳೆಯಿತು ಕೂಡ.

ಆದರೆ ಆ ಬೆಳವಣಿಗೆ ಎಲ್ಲಿಂದ ಬಂತು? ಟ್ಯಾಂಕ್, ಶೆಲ್, ಸೈನಿಕರ ಸಂಬಳ, ಸತ್ತವರ ಮನೆಗೆ ಕೊಡುವ ಪರಿಹಾರ. ಶೆಲ್ ತಯಾರಾದರೆ ಜಿಡಿಪಿ ಲೆಕ್ಕಕ್ಕೆ ಸೇರುತ್ತದೆ, ಸಿಡಿದ ಮೇಲೆ ಯಾರಿಗೂ ಪ್ರಯೋಜನವಿಲ್ಲ. 2025ರ ಬಜೆಟ್ಟಿನಲ್ಲಿ ರಕ್ಷಣೆಗೇ ಜಿಡಿಪಿಯ ಶೇ 6ಕ್ಕಿಂತ ಹೆಚ್ಚು ಇಟ್ಟರು. ಬೆಲೆ ಏರಿಕೆ ತಡೆಯಲು 2024ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ 21ಕ್ಕೆ ಹೋಯಿತು. ಆ ಬಡ್ಡಿಗೆ ಸಾಲ ಮಾಡಿ ಯಾರು ಅಂಗಡಿ ಹಾಕುತ್ತಾರೆ, ಯಾರು ಮನೆ ಕಟ್ಟುತ್ತಾರೆ? ಕಷ್ಟಕಾಲಕ್ಕೆಂದು ಎಣ್ಣೆ ಹಣದಲ್ಲಿ ಕೂಡಿಟ್ಟಿದ್ದ ರಾಷ್ಟ್ರೀಯ ನಿಧಿಯಲ್ಲಿ ಕೈಗೆ ಸಿಗುವ ಭಾಗ ಅರ್ಧಕ್ಕಿಂತ ಹೆಚ್ಚು ಕರಗಿತು. 2026ರ ಜನವರಿಯಿಂದ ವ್ಯಾಟ್ ಶೇ 20ರಿಂದ ಶೇ 22 ಆಯಿತು. ಯುದ್ಧದ ಖರ್ಚು ಈಗ ಮಾಮೂಲಿ ಜನರ ಬಿಲ್ಲಿನಲ್ಲೇ ಕಾಣುತ್ತಿದೆ.

ನಿರ್ಬಂಧ ಸೈನ್ಯವನ್ನು ತಡೆದು ನಿಲ್ಲಿಸುವುದಿಲ್ಲ. ಯುದ್ಧ ಮಾಡುವ ಖರ್ಚನ್ನು ಏರಿಸುತ್ತದೆ. ಅದೂ ನಿಧಾನವಾಗಿ. ಕೀವ್‌ನಲ್ಲಿ ಪ್ರತಿ ರಾತ್ರಿ ಡ್ರೋನ್ ಸದ್ದು ಕೇಳುವವರಿಗೆ ಈ ಉತ್ತರದಿಂದ ಸಮಾಧಾನ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ.

ನಿರ್ಬಂಧ ಹಾಕಿದರೆ ದೇಶಗಳು ಸ್ವಾವಲಂಬಿ ಆಗುತ್ತವೆ. ನಮ್ಮ ಇಸ್ರೊನೇ ನೋಡಿ!

ಇದು ನನಗೆ ಇಷ್ಟವಾದ ಪ್ರಶ್ನೆ. ಇಸ್ರೊ ಉದಾಹರಣೆಯನ್ನು ಪೂರ್ತಿ ನೋಡಿದರೆ ಕತೆ ಬೇರೆಯೇ ಇದೆ.

ಕ್ರಯೋಜೆನಿಕ್ ಎಂಜಿನ್ (ಅತಿ ತಣ್ಣನೆಯ ದ್ರವ ಇಂಧನದ ರಾಕೆಟ್ ಎಂಜಿನ್) ಮತ್ತು ಅದರ ತಂತ್ರಜ್ಞಾನಕ್ಕಾಗಿ ಇಸ್ರೊ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜತೆ ಒಪ್ಪಂದ ಮಾಡಿಕೊಂಡಿತ್ತು. ಇದು ಕ್ಷಿಪಣಿಗೆ ಬಳಕೆಯಾಗಬಹುದು ಎಂದು ಅಮೆರಿಕ 1992ರಲ್ಲಿ ಇಬ್ಬರ ಮೇಲೂ ನಿರ್ಬಂಧ ಹಾಕಿತು. ಮರುವರ್ಷ ರಷ್ಯಾ ಹಿಂದೆ ಸರಿಯಿತು. ಎಂಜಿನ್ ಕೊಡುತ್ತೇವೆ, ತಂತ್ರಜ್ಞಾನ ಕೊಡುವುದಿಲ್ಲ ಎಂದಿತು. ನಮ್ಮವರು ತಾವೇ ಮಾಡಲು ಹೊರಟರು. ಸ್ವದೇಶಿ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಎರಡು ದಶಕ ದಾಟಿತ್ತು.

ತೇಜಸ್ ಕತೆಯೂ ಹೀಗೇ. ಆ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಸಹಾಯ ಮಾಡುತ್ತಿತ್ತು. 1998ರ ಪೋಖ್ರಾನ್ ಅಣು ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿತು, ಆ ಸಹಾಯ ನಿಂತಿತು. ಬೆಂಗಳೂರಿನ ಎಂಜಿನಿಯರ್‌ಗಳು ಬಾಕಿ ಕೆಲಸವನ್ನು ತಾವೇ ಮುಗಿಸಿ, 2001ರ ಜನವರಿ 4ರಂದು ವಿಮಾನವನ್ನು ಇಲ್ಲಿಯೇ ಹಾರಿಸಿದರು. ಹೆಮ್ಮೆಯ ವಿಷಯ, ಸಂಶಯವಿಲ್ಲ. ಆದರೆ ಕಳೆದುಹೋದ ವರ್ಷಗಳು ವಾಪಸ್ ಬರಲಿಲ್ಲ.

ರಷ್ಯಾದಲ್ಲಿ ಈಗ ಆಗುತ್ತಿರುವುದೂ ಅದೇ. 2022ರಲ್ಲಿ ಬಿಡಿಭಾಗ ಸಿಗದೆ ಏರ್‌ಬ್ಯಾಗ್, ಎಬಿಎಸ್ ಇಲ್ಲದ ಲಾಡಾ ಕಾರುಗಳನ್ನು ಮಾರಿದರು. ಪಶ್ಚಿಮದ ಭಾಗಗಳಿಲ್ಲದೆ ಕಟ್ಟುತ್ತೇವೆ ಎಂದ ಎಂಸಿ-21 ಪ್ರಯಾಣಿಕ ವಿಮಾನದ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಒಂದು ವ್ಯತ್ಯಾಸ ಇದೆ. ರಷ್ಯಾಕ್ಕೆ ಪಕ್ಕದಲ್ಲೇ ಚೀನಾ ಇದೆ. ಕಾರು, ಯಂತ್ರ, ಚಿಪ್ ಎಲ್ಲ ಅಲ್ಲಿಂದ ಬರುತ್ತದೆ. ಸ್ವಾವಲಂಬನೆ ಅನ್ನುವುದಕ್ಕಿಂತ ಅವಲಂಬನೆಯ ದಿಕ್ಕು ಬದಲಾಗಿದೆ ಅನ್ನಬಹುದು.

ಚಿಪ್ ರಫ್ತು ನಿಲ್ಲಿಸಿದ್ದರೆ ರಷ್ಯಾದ ಕ್ಷಿಪಣಿಗಳಲ್ಲಿ ಅಮೆರಿಕದ ಚಿಪ್ ಹೇಗೆ ಸಿಗುತ್ತವೆ?

ಹಾಂಕಾಂಗ್, ಟರ್ಕಿ, ಯುಎಇ, ಕಿರ್ಗಿಸ್ತಾನ ದಾರಿಯಲ್ಲಿ. ವಾಷಿಂಗ್ ಮೆಷಿನ್ ನಿಯಂತ್ರಿಸಲು ಸಾಕಾಗುವಂಥ ಮಾಮೂಲಿ ಚಿಪ್‌ಗಳೂ ಅವುಗಳಲ್ಲಿವೆ. ಇಂಥವು ಕೋಟಿಗಟ್ಟಲೆ ತಯಾರಾಗುತ್ತವೆ, ಕೈಯಿಂದ ಕೈಗೆ ಸಾಗುತ್ತವೆ. ಮೂರನೇ ವ್ಯಾಪಾರಿಯ ಕೈ ಸೇರಿದ ಮೇಲೆ ಅದರ ಜಾಡು ಹಿಡಿಯುವುದು ಕಷ್ಟ. ರಷ್ಯಾ ಎರಡು ಮೂರು ಪಟ್ಟು ಬೆಲೆ ಕೊಟ್ಟು ಕೊಳ್ಳುತ್ತದೆ, ಆದರೆ ಕೊಳ್ಳುತ್ತದೆ.

ಭಾರತ ರಷ್ಯಾದ ಎಣ್ಣೆ ಕೊಂಡದ್ದು ತಪ್ಪಾ?

ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ಕಚ್ಚಾ ತೈಲ ಶೇ 2ರಷ್ಟೂ ಇರಲಿಲ್ಲ. ಆಮೇಲೆ ಮೂರನೇ ಒಂದು ಭಾಗ ದಾಟಿತು. ಜಾಮ್‌ನಗರದ ದೊಡ್ಡ ಸಂಸ್ಕರಣಾಗಾರದಿಂದ ಹಿಡಿದು ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ವರೆಗೆ ಎಲ್ಲರೂ ಕೊಂಡರು. ಇದು ಕಾನೂನು ಮೀರಿದ ಕೆಲಸ ಆಗಿರಲಿಲ್ಲ. ಅಷ್ಟೇ ಅಲ್ಲ, ಬೆಲೆ ಮಿತಿಯ ಉಪಾಯ ನಡೆಯಬೇಕಾದರೆ ಆ ಎಣ್ಣೆಯನ್ನು ಯಾರಾದರೂ ಕೊಳ್ಳಲೇಬೇಕಿತ್ತು. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟಿ 2024ರಲ್ಲಿ ಇದನ್ನೇ ಬಾಯಿಬಿಟ್ಟು ಹೇಳಿದರು. ಭಾರತ ಕೊಳ್ಳಲಿ ಎಂದು ತಮಗೇ ಬೇಕಿತ್ತು ಎಂದರು. 2025ರ ಆಗಸ್ಟ್‌ನಲ್ಲಿ ಟ್ರಂಪ್ ಅದೇ ಖರೀದಿಯ ಕಾರಣ ಕೊಟ್ಟು ನಮ್ಮ ಸರಕಿನ ಮೇಲೆ ಇನ್ನೂ ಶೇ 25 ಸುಂಕ ಹೇರಿದರು. ಒಟ್ಟು ಶೇ 50 ಆಯಿತು. ಚೀನಾ ನಮಗಿಂತ ಜಾಸ್ತಿ ಕೊಳ್ಳುತ್ತಿತ್ತು, ಅದಕ್ಕೆ ಆಗ ಆ ದಂಡ ಬೀಳಲಿಲ್ಲ. ಸಿಟ್ಟು ಬರುವುದು ಸಹಜ.

ಆದರೆ ಸಿಟ್ಟಿನಲ್ಲಿ ನಮ್ಮ ಲೆಕ್ಕವನ್ನೂ ಮರೆಯಬಾರದು. ನಾವು ಎಣ್ಣೆ ಕೊಂಡದ್ದು ಅಗ್ಗ ಎಂದು. ಇದನ್ನು ಶಾಂತಿನೀತಿ ಎಂದು ಕರೆಯುವುದು ಅತಿಯಾಯಿತು. ಕೊಟ್ಟ ದುಡ್ಡಿನ ಒಂದು ಪಾಲು ರಷ್ಯಾದ ಬೊಕ್ಕಸಕ್ಕೆ ಹೋಗುತ್ತದೆ, ಬೊಕ್ಕಸದಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. 2022ರ ಮಾರ್ಚ್ 1ರಂದು ಹಾರ್ಕಿವ್ ಮೇಲೆ ನಡೆದ ದಾಳಿಯಲ್ಲಿ ಸತ್ತವರಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೂ ಒಬ್ಬ. ಮರುದಿನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ದಾಳಿ ಖಂಡಿಸುವ ನಿರ್ಣಯಕ್ಕೆ 141 ದೇಶಗಳು ಒಪ್ಪಿಗೆ ಕೊಟ್ಟವು. 5 ವಿರೋಧಿಸಿದವು. ಮತ ಹಾಕದೆ ದೂರ ಉಳಿದ 35ರಲ್ಲಿ ಭಾರತವೂ ಇತ್ತು. ಆಗ ನಮ್ಮ ಸಾವಿರಾರು ವಿದ್ಯಾರ್ಥಿಗಳು ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದರು. ಅವರನ್ನು ಹೊರತರಲು ಎರಡೂ ಕಡೆಯವರ ಜತೆ ಮಾತು ಬೇಕಿತ್ತು. ಆ ಹೊತ್ತಿನ ಮೌನ ನನಗೆ ಅರ್ಥವಾಗುತ್ತದೆ. ಆಮೇಲಿನ ವರ್ಷಗಳ ಮೌನವನ್ನು ಒಪ್ಪುವುದು ಕಷ್ಟ.

ಅಷ್ಟು ಅಗ್ಗಕ್ಕೆ ಎಣ್ಣೆ ಬಂದರೆ ನಮ್ಮ ಬಂಕ್‌ನಲ್ಲಿ ರೇಟ್ ಯಾಕೆ ಇಳಿಯಲಿಲ್ಲ?

ರಿಯಾಯಿತಿಯ ಲಾಭ ಹೆಚ್ಚಾಗಿ ಕಂಪನಿಗಳಿಗೂ ಸರ್ಕಾರಕ್ಕೂ ಹೋಯಿತು. 2022ರ ಮೇನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕ ಇಳಿಸಿದ ಮೇಲೆ ಪೆಟ್ರೋಲ್ ದರ ಸುಮಾರು ಎರಡು ವರ್ಷ ಅಲ್ಲಾಡಲಿಲ್ಲ. 2024ರ ಮಾರ್ಚ್‌ನಲ್ಲಿ 2 ರೂಪಾಯಿ ಇಳಿಯಿತು. ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಮಾರಾಟ ತೆರಿಗೆ ಏರಿಸಿ ಅದಕ್ಕಿಂತ ಜಾಸ್ತಿಯೇ ವಾಪಸ್ ತೆಗೆದುಕೊಂಡಿತು.

ಸೂರ್ಯಕಾಂತಿ ಎಣ್ಣೆ ದುಬಾರಿ ಆದದ್ದು ಈ ನಿರ್ಬಂಧದಿಂದಲ್ವಾ?

ಅಲ್ಲ. ನಾವು ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್‌ನಿಂದ ಬರುತ್ತಿತ್ತು. ಯುದ್ಧ ಶುರುವಾದ ಕೂಡಲೇ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು, ಹಡಗು ಹೊರಡಲಿಲ್ಲ. 2022ರ ಜುಲೈನಲ್ಲಿ ಇಸ್ತಾಂಬುಲ್‌ನಲ್ಲಿ ಉಕ್ರೇನಿನ ಹಡಗು ಸಾಗಣೆಗೆ ದಾರಿ ಬಿಡುವ ಧಾನ್ಯ ಒಪ್ಪಂದ ಆದ ಮೇಲೆ ಸಾಗಣೆ ಮತ್ತೆ ಶುರುವಾಯಿತು. ಒಂದು ವರ್ಷದ ನಂತರ ಒಪ್ಪಂದದಿಂದ ಹೊರಬಂದದ್ದು ರಷ್ಯಾ. ಆಹಾರ, ಔಷಧಿ, ಕೃಷಿ ಗೊಬ್ಬರದ ವ್ಯಾಪಾರಕ್ಕೆ ಪಶ್ಚಿಮ ವಿನಾಯಿತಿ ಕೊಟ್ಟಿತ್ತು. ನಾವೇ ರಷ್ಯಾದಿಂದ ಗೊಬ್ಬರ ತರಿಸುವುದನ್ನು ಜಾಸ್ತಿ ಮಾಡಿದೆವು.

ಯುರೋಪ್ ಕೂಡ ರಷ್ಯಾದ ಗ್ಯಾಸ್ ಕೊಳ್ಳುತ್ತಲೇ ಇತ್ತಲ್ಲ? ನಮಗೆ ಬುದ್ಧಿ ಹೇಳಲು ಇವರು ಯಾರು?

ಮಾತು ನೂರಕ್ಕೆ ನೂರು ನಿಜ. ಯುದ್ಧಕ್ಕೆ ಮುಂಚೆ ಐರೋಪ್ಯ ಒಕ್ಕೂಟ ಆಮದು ಮಾಡುತ್ತಿದ್ದ ಗ್ಯಾಸ್‌ನಲ್ಲಿ ಶೇ 40ಕ್ಕಿಂತ ಹೆಚ್ಚು ರಷ್ಯಾದ್ದು. ಪೈಪ್‌ಲೈನ್ ಗ್ಯಾಸ್ ಬಹಳ ಕಡಿಮೆಯಾಯಿತು. ಆದರೆ ಅದರಲ್ಲಿ ದೊಡ್ಡ ಪಾಲು ರಷ್ಯಾವೇ ಕೊಳವೆ ಮುಚ್ಚಿದ್ದರಿಂದ ಆದದ್ದು. ಹಡಗಿನಲ್ಲಿ ಬರುವ ದ್ರವ ರೂಪದ ಗ್ಯಾಸ್ ಫ್ರಾನ್ಸ್, ಬೆಲ್ಜಿಯಂ, ಸ್ಪೇನ್ ಬಂದರುಗಳಿಗೆ ವರ್ಷಗಟ್ಟಲೆ ಬರುತ್ತಲೇ ಇತ್ತು. ರಷ್ಯಾದಿಂದ ಬರುವ ದ್ರುಜ್ಬಾ ಪೈಪ್‌ಲೈನಿನ ಎಣ್ಣೆಗೆ ಹಂಗೇರಿ, ಸ್ಲೊವಾಕಿಯಾ ವಿನಾಯಿತಿ ಗಿಟ್ಟಿಸಿಕೊಂಡವು. ಅಮೆರಿಕ ತನ್ನ ಪರಮಾಣು ಸ್ಥಾವರಗಳಿಗೆ ರಷ್ಯಾದ ಯುರೇನಿಯಂ ಬೇಡ ಎಂದು ಕಾನೂನು ಮಾಡಿದ್ದೇ 2024ರ ಮೇನಲ್ಲಿ. ಅದರಲ್ಲೂ 2027ರ ಕೊನೆವರೆಗೆ ವಿನಾಯಿತಿಗೆ ಜಾಗ ಇಟ್ಟುಕೊಂಡಿತು.

2022ರ ಜೂನ್‌ನಲ್ಲಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಎಸ್. ಜೈಶಂಕರ್ ಹೇಳಿದ ಮಾತು ಇಲ್ಲಿ ತುಂಬ ಓಡಾಡಿತು. ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಯುರೋಪಿನದ್ದಲ್ಲ ಎಂಬ ಧೋರಣೆಯಿಂದ ಯುರೋಪ್ ಹೊರಬರಬೇಕು ಎಂದಿದ್ದರು. ಸರಿಯಾಗಿಯೇ ಕುಟುಕಿದರು. 2003ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾಕ್ ಮೇಲೆ ದಾಳಿ ಮಾಡಿದಾಗ ಯಾವ ದೇಶ ಅವರ ಮೀಸಲು ಹಣ ತಡೆಹಿಡಿಯಿತು? ಆದರೆ ಇದನ್ನು ಯಾರಾದರೂ ಉಕ್ರೇನ್‌ಗೆ ನೆರವು ಕೊಡಬಾರದು ಎಂಬುದಕ್ಕೆ ವಾದವಾಗಿ ಬಳಸಿದರೆ ನಾನು ಒಪ್ಪುವುದಿಲ್ಲ. ಬಾಗ್ದಾದ್‌ಗೆ ಆದ ಅನ್ಯಾಯಕ್ಕೆ ಉಕ್ರೇನಿನ ಮರಿಯುಪೋಲ್ ಜನ ಯಾಕೆ ಬೆಲೆ ತೆರಬೇಕು?

ತಡೆಹಿಡಿದ 300 ಬಿಲಿಯನ್ ಡಾಲರ್ ಉಕ್ರೇನ್‌ಗೆ ಕೊಟ್ಟುಬಿಡಬಹುದಲ್ಲ?

ತಡೆಹಿಡಿಯುವುದು ಬೇರೆ, ಮುಟ್ಟುಗೋಲು ಹಾಕಿಕೊಳ್ಳುವುದು ಬೇರೆ. ಹಣ ಇನ್ನೂ ರಷ್ಯಾದ್ದೇ, ಮುಟ್ಟುವಂತಿಲ್ಲ ಅಷ್ಟೆ. ಅದರ ದೊಡ್ಡ ಪಾಲು, ಸುಮಾರು 190 ಬಿಲಿಯನ್ ಯೂರೊ, ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಯೂರೊಕ್ಲಿಯರ್ ಎಂಬ ಸಂಸ್ಥೆಯಲ್ಲಿದೆ. ಆ ಹಣ ತರುವ ಬಡ್ಡಿಯನ್ನು ಆಧಾರ ಮಾಡಿಕೊಂಡು ಉಕ್ರೇನ್‌ಗೆ 50 ಬಿಲಿಯನ್ ಡಾಲರ್ ಸಾಲ ಕೊಡಲು ಜಿ7 2024ರ ಜೂನ್‌ನಲ್ಲಿ ಒಪ್ಪಿತು. ಅಸಲನ್ನೂ ಬಳಸೋಣ ಎಂಬ ವಾದ 2025ರ ಡಿಸೆಂಬರ್‌ನಲ್ಲಿ ತಾರಕಕ್ಕೇರಿತು. ಬೆಲ್ಜಿಯಂ ಪ್ರಧಾನಿ ಬಾರ್ಟ್ ಡಿ ವೇವರ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಾಳೆ ರಷ್ಯಾ ಕೇಸ್ ಹಾಕಿ ಗೆದ್ದರೆ ನಮ್ಮ ಪುಟ್ಟ ದೇಶ ಒಂದೇ ತೆರಬೇಕಾ ಎಂಬುದು ಅವರ ಪ್ರಶ್ನೆ. ಕೊನೆಗೆ ಒಕ್ಕೂಟ ಮಾರುಕಟ್ಟೆಯಿಂದಲೇ ಸಾಲ ಎತ್ತಿ ಎರಡು ವರ್ಷಕ್ಕೆ 90 ಬಿಲಿಯನ್ ಯೂರೊ ಕೊಡಲು ತೀರ್ಮಾನಿಸಿತು. ರಷ್ಯಾದ ಹಣವನ್ನು ಆರು ತಿಂಗಳಿಗೊಮ್ಮೆ ಮತ ಹಾಕುವ ರಗಳೆ ಇಲ್ಲದೆ ಅನಿರ್ದಿಷ್ಟ ಕಾಲ ತಡೆಹಿಡಿಯಿತು.

ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳು ಇದನ್ನೆಲ್ಲ ನೋಡುತ್ತಲೇ ಇವೆ. 2022ರಿಂದ 2024ರವರೆಗೆ ವರ್ಷಕ್ಕೆ 1000 ಟನ್‌ಗೂ ಮೀರಿ ಚಿನ್ನ ಕೊಂಡಿವೆ. ಡಾಲರ್, ಯೂರೊ ಮೇಲಿನ ಅಪನಂಬಿಕೆಯೂ ಅದಕ್ಕೆ ಒಂದು ಕಾರಣ.

ಆಯುಧ ಕೊಟ್ಟು ಕೊಟ್ಟು ಪಶ್ಚಿಮವೇ ಯುದ್ಧ ಎಳೆಯುತ್ತಿದೆ ಅಲ್ವಾ?

ನನ್ನ ದೂರು ಉಲ್ಟಾ. ಕೊಟ್ಟದ್ದರಿಂದ ಅಲ್ಲ, ತಡಮಾಡಿ ಕೊಟ್ಟದ್ದರಿಂದ ಎಳೆಯಿತು. ದಾಳಿಗೆ ಒಂದು ತಿಂಗಳ ಮುಂಚೆ ಜರ್ಮನಿ ಕೊಡುತ್ತೇವೆ ಎಂದದ್ದು 5000 ಹೆಲ್ಮೆಟ್. ಲೆಪರ್ಡ್ ಟ್ಯಾಂಕ್‌ಗೆ ಒಪ್ಪಿಗೆ 2023ರ ಜನವರಿಯಲ್ಲಿ. ಎಫ್-16 ಯುದ್ಧವಿಮಾನ ಉಕ್ರೇನ್ ತಲುಪಿದ್ದು 2024ರ ಜುಲೈ-ಆಗಸ್ಟ್ ಹೊತ್ತಿಗೆ. ಅಮೆರಿಕದ ದೂರಗಾಮಿ ಕ್ಷಿಪಣಿಯನ್ನು ರಷ್ಯಾದ ಒಳಗೆ ಹಾರಿಸಲು ಅನುಮತಿ ಸಿಕ್ಕಿದ್ದು ಆ ವರ್ಷದ ನವೆಂಬರ್‌ನಲ್ಲಿ. ಪ್ರತಿ ಸಲವೂ ಮೊದಲು ಆಗಲ್ಲ ಎನ್ನುವುದು, ತಿಂಗಳುಗಟ್ಟಲೆ ಚರ್ಚೆ ಮಾಡುವುದು, ಆಮೇಲೆ ಕೊಡುವುದು. ಅಷ್ಟರಲ್ಲಿ ರಷ್ಯಾ ಕಂದಕ ತೋಡಿ, ಮೈನ್ ಹುಗಿದು ಕೂತಿರುತ್ತಿತ್ತು.

ಅಣ್ವಸ್ತ್ರ ಇರುವ ದೇಶವನ್ನು ಕೆಣಕಬಾರದು ಎಂಬ ಭಯ ಸುಳ್ಳಲ್ಲ. ಅದನ್ನು ಹಗುರವಾಗಿ ತಳ್ಳಿಹಾಕುವವರ ಜತೆ ನಾನಿಲ್ಲ. ಆದರೆ ಇನ್ನೊಂದು ಮುಖವೂ ಇದೆ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ಅಮೆರಿಕ, ಬ್ರಿಟನ್, ರಷ್ಯಾ ಮೂವರೂ ಸಹಿ ಹಾಕಿದರು. ಅಣ್ವಸ್ತ್ರ ಕೊಟ್ಟವರ ಗತಿ ಏನಾಯಿತು ಎಂದು ಉಳಿದ ದೇಶಗಳು ಗಮನಿಸದೆ ಇರುತ್ತವೆಯೇ?

ಅಮೆರಿಕದ ಜನ ತಮ್ಮ ತೆರಿಗೆ ಹಣ ಯಾಕೆ ಕೊಡಬೇಕು? ಅದರಲ್ಲೂ ಉಕ್ರೇನಿನಲ್ಲಿ ಭ್ರಷ್ಟಾಚಾರ ಬೇರೆ.

2025ರಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬರುವ ಮುಂಚೆ ಅಮೆರಿಕದ ಸಂಸತ್ತು ಐದು ಕಂತಿನಲ್ಲಿ ಸುಮಾರು 175 ಬಿಲಿಯನ್ ಡಾಲರ್ ಮಂಜೂರು ಮಾಡಿತ್ತು. ಅದೆಲ್ಲ ನೋಟಿನ ಕಂತೆಯಾಗಿ ಕೀವ್‌ಗೆ ಹೋಗಲಿಲ್ಲ. ಆಯುಧದ ಪಾಲಿನಲ್ಲಿ ದೊಡ್ಡ ಮೊತ್ತ ಅಮೆರಿಕದ ಕಾರ್ಖಾನೆಗಳಲ್ಲೇ ಖರ್ಚಾಯಿತು. ಹಳೇ ದಾಸ್ತಾನು ಕೊಟ್ಟು ಹೊಸದನ್ನು ಮಾಡಿಸಿಕೊಂಡರು. ಕೊನೆಯ 61 ಬಿಲಿಯನ್ ಕಂತು ಸುಮಾರು ಆರು ತಿಂಗಳು ಅಲ್ಲೇ ಸಿಕ್ಕಿಹಾಕಿಕೊಂಡು 2024ರ ಏಪ್ರಿಲ್‌ನಲ್ಲಿ ಪಾಸಾಯಿತು. ಆ ನಡುವೆ, ಶೆಲ್ ಕೊರತೆಯಲ್ಲಿ ಉಕ್ರೇನಿಗೆ ಅವ್ದಿಯಿವ್ಕಾ ಪಟ್ಟಣ ಕೈತಪ್ಪಿತು. 2025ರಿಂದ ಖರ್ಚಿನ ಭಾರ ಯುರೋಪಿಗೆ ಬಿದ್ದಿದೆ. ಅಮೆರಿಕದ ಆಯುಧಕ್ಕೆ ಯುರೋಪಿನ ದೇಶಗಳು ದುಡ್ಡು ಕೊಟ್ಟು ಉಕ್ರೇನ್‌ಗೆ ಕಳಿಸುತ್ತಿವೆ.

ಭ್ರಷ್ಟಾಚಾರ ಇದೆ, ಮುಚ್ಚಿಡುವುದು ಬೇಡ. 2025ರ ನವೆಂಬರ್‌ನಲ್ಲಿ ಪರಮಾಣು ವಿದ್ಯುತ್ ಕಂಪನಿ ಎನರ್ಗೊಆಟಮ್‌ನ ಲಂಚ ಹಗರಣ ಹೊರಬಂತು. ಸುಮಾರು 100 ಮಿಲಿಯನ್ ಡಾಲರ್ ಮಾತು. ಇಬ್ಬರು ಮಂತ್ರಿಗಳು ಹೋದರು, ಝೆಲೆನ್‌ಸ್ಕಿಯ ಬಲಗೈಯಂತಿದ್ದ ಆಂಡ್ರಿ ಯೆರ್ಮಾಕ್ ಕೂಡ ರಾಜೀನಾಮೆ ಕೊಟ್ಟರು. ಹೊರಗೆಳೆದದ್ದು ಉಕ್ರೇನಿನದೇ ತನಿಖಾ ಸಂಸ್ಥೆಗಳು. ಅದೇ ಸಂಸ್ಥೆಗಳ ರೆಕ್ಕೆ ಕತ್ತರಿಸಲು ಜುಲೈನಲ್ಲಿ ಸರ್ಕಾರ ಕಾನೂನು ತಂದಿತ್ತು. ಯುದ್ಧದ ನಡುವೆಯೂ ಜನ ಬೀದಿಗಿಳಿದು ಅದನ್ನು ವಾಪಸ್ ತೆಗೆಸಿದ್ದರು.

ನ್ಯಾಟೊ ಹತ್ತಿರ ಬಂದದ್ದಕ್ಕೇ ರಷ್ಯಾ ದಾಳಿ ಮಾಡಿತು ಅಂತಾರಲ್ಲ?

2008ರಲ್ಲಿ ನ್ಯಾಟೊ, ಅಂದರೆ ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಕೂಟ, ಉಕ್ರೇನ್‌ಗೆ ಮುಂದೊಂದು ದಿನ ಸೇರಿಸಿಕೊಳ್ಳುತ್ತೇವೆ ಎಂದಿತು. ದಿನಾಂಕ ಕೊಡಲಿಲ್ಲ, ರಕ್ಷಣೆಯನ್ನೂ ಕೊಡಲಿಲ್ಲ. ಕೆಟ್ಟ ನಿರ್ಧಾರ ಅದು. ಆದರೆ ರಷ್ಯಾ ಜತೆ 1300 ಕಿಲೋಮೀಟರ್‌ಗೂ ಉದ್ದದ ಗಡಿ ಇರುವ ಫಿನ್ಲೆಂಡ್ 2023ರ ಏಪ್ರಿಲ್‌ನಲ್ಲಿ ನ್ಯಾಟೊ ಸೇರಿತು. ಮಾಸ್ಕೋ ಅದರ ಮೇಲೆ ಯುದ್ಧಕ್ಕೆ ಹೋಗಲಿಲ್ಲ.

ಕದನವಿರಾಮ ಆದರೆ ನಿರ್ಬಂಧ ಎಲ್ಲ ತೆಗೆದುಬಿಡುತ್ತಾರಾ?

ಒಮ್ಮೆಗೇ ಆಗುವುದಿಲ್ಲ. ಐರೋಪ್ಯ ಒಕ್ಕೂಟದ ಹೆಚ್ಚಿನ ನಿರ್ಬಂಧಗಳು ಆರು ತಿಂಗಳಿಗೊಮ್ಮೆ 27 ದೇಶಗಳ ಒಪ್ಪಿಗೆಯಿಂದ ಮುಂದುವರಿಯಬೇಕು. ಒಂದು ದೇಶ ಒಲ್ಲೆ ಎಂದರೂ ಬೀಳಬಹುದು. ಹಂಗೇರಿಯ ವಿಕ್ಟರ್ ಒರ್ಬಾನ್ ಇದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಚೌಕಾಸಿ ಮಾಡಿದರು. ಅಮೆರಿಕದಲ್ಲಿ ಕೆಲವನ್ನು ಅಧ್ಯಕ್ಷರೇ ತೆಗೆಯಬಹುದು, ಕೆಲವಕ್ಕೆ 2017ರ ಕಾನೂನಿನ ಪ್ರಕಾರ ಸಂಸತ್ತಿನ ಮುಂದೆ ಹೋಗಬೇಕು. ಕಾಗದದ ಮೇಲೆ ತೆಗೆದರೂ ಬ್ಯಾಂಕುಗಳು, ವಿಮೆ ಕಂಪನಿಗಳು ಮತ್ತೆ ದಂಡ ಬಿದ್ದೀತೆಂದು ಹಿಂದೆ ಮುಂದೆ ನೋಡುತ್ತವೆ.

ಹಳೇ ಅನುಭವ ಒಂದಿದೆ. ಯಹೂದಿಗಳಿಗೆ ದೇಶ ಬಿಟ್ಟು ಹೋಗಲು ಬಿಡದ ಸೋವಿಯತ್ ಒಕ್ಕೂಟದ ವ್ಯಾಪಾರಕ್ಕೆ ಕಡಿವಾಣ ಹಾಕಲು ಅಮೆರಿಕ 1974ರಲ್ಲಿ ಜಾಕ್ಸನ್-ವಾನಿಕ್ ತಿದ್ದುಪಡಿ ತಂದಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರಷ್ಯಾಕ್ಕೆ ಆ ನಿಯಮದಿಂದ ಬಿಡುಗಡೆ ಸಿಕ್ಕಿದ್ದು 2012ರಲ್ಲಿ. ಬಿಡುಗಡೆ ಕೊಟ್ಟ ಅದೇ ಕಾನೂನಿನಲ್ಲಿ ರಷ್ಯಾದ ಅಧಿಕಾರಿಗಳ ಮೇಲೆ, ಅಲ್ಲಿನ ಹಗರಣ ಬಯಲಿಗೆಳೆದು ಜೈಲಿನಲ್ಲಿ ಸತ್ತ ಮ್ಯಾಗ್ನಿಟ್‌ಸ್ಕಿ ಹೆಸರಿನ ಹೊಸ ನಿರ್ಬಂಧವನ್ನೂ ಸೇರಿಸಿದ್ದರು.